ಡಾಂಟೆಯ ಮನೆತನದ ಹೆಸರು ಈಗ ಎಷ್ಟು ಜನಕ್ಕಿದೆ? ಬಂದಿದ್ದೆಲ್ಲಿಂದ?

ವೆರೋನಾ_ವಾಸು
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಇಟಲಿಯ ವೆರೋನಾಗೆ ಬಂದು ಒಂದೂವರೆ ವರ್ಷ ಆಯ್ತು. ಕಳೆದ ಭಾನುವಾರ ಸೈಕಲ್ ಹತ್ತಿ ವಾಲ್ಪೊಲಿಚೆಲ್ಲಾ ಬೆಟ್ಟಗಳ ಕಡೆ ಹೋಗಿದ್ದೆ. ಎಲ್ಲಿ ನೋಡಿದರೂ ದ್ರಾಕ್ಷಿ ತೋಟ. ಗರ್ಗಾನ್ಯಾಗೊ ಎಂಬ ಸಣ್ಣ ಊರಿನಲ್ಲಿ ನೀರು ಕುಡಿಯಲು ನಿಂತೆ. ಅಲ್ಲಿನ ಒಂದು ಬೋರ್ಡಿನಲ್ಲಿ 'ಸೆರೆಗೊ ಅಲಿಗಿಯೇರಿ' ಎಂದು ಬರೆದಿತ್ತು.

ಅಲಿಗಿಯೇರಿ ಅಂದರೆ ಡಾಂಟೆ ಅಲಿಗಿಯೇರಿ ಅಲ್ವಾ? ಅವನು ಫ್ಲಾರೆನ್ಸಿನ ಕವಿ. ಇಲ್ಲಿ ವೈನ್ ತೋಟದ ಮೇಲೆ ಅವನ ಹೆಸರು ಯಾಕೆ? ವ್ಯಾಪಾರಕ್ಕೆ ಹೆಸರು ಎತ್ತಿಕೊಂಡಿದ್ದಾರೆ ಅಂದುಕೊಂಡೆ. ಸೋಮವಾರ ಆಫೀಸಿನಲ್ಲಿ ಕೇಳಿದರೆ, "ಇಲ್ಲ, ಅವರು ನಿಜವಾಗಿಯೂ ಡಾಂಟೆಯ ವಂಶದವರೇ" ಅಂದರು. ಹಾಗೆ ಹೇಳಿದವರಿಗೆ ಅದಕ್ಕಿಂತ ಜಾಸ್ತಿ ಗೊತ್ತಿರಲಿಲ್ಲ.

ನನ್ನ ಪ್ರಶ್ನೆ ಎರಡು. ಈ ಅಡ್ಡಹೆಸರು ಬಂದಿದ್ದೆಲ್ಲಿಂದ? ಈಗ ಎಷ್ಟು ಜನಕ್ಕಿದೆ? ಅಡ್ಡಹೆಸರಿನ ಲೆಕ್ಕ ಕೊಡುವ ಎರಡು ತಾಣ ನೋಡಿದೆ. ಎರಡೂ ಬೇರೆ ಬೇರೆ ಸಂಖ್ಯೆ ತೋರಿಸಿದವು. ಯಾವುದನ್ನು ನಂಬೋದು?

ಬೆಣ್ಣೆದೋಸೆ_ದಾವಣಗೆರೆ
ವೈನ್ ತೋಟದ ಊರಲ್ಲಿ ನೀರು ಕುಡಿಯಲು ನಿಂತೆ ಅಂತೀರಿ. ಇದನ್ನ ನಾವು ನಂಬೋದು ಹೇಗೆ ಗುರು?

ವೆರೋನಾ_ವಾಸು
ನೀರೇ ಮಾರಾಯರೇ. ರಸ್ತೆ ಬದಿ ನಲ್ಲಿ ಇತ್ತು. ವಾಪಸ್ ಬರುವಾಗಿನ ವಿಷಯ ಬೇರೆ.

ಹಳೇಪುಸ್ತಕ
ವಾಸು ಅವರೇ, ಮೊದಲನೇ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ತಾಣಗಳಿಗೆ ಹೋಗಬೇಕಾಗಿಲ್ಲ. ಕವಿಯೇ ಬರೆದಿಟ್ಟಿದ್ದಾನೆ. 'ಡಿವೈನ್ ಕಾಮಿಡಿ'ಯ ಮೂರನೇ ಭಾಗ 'ಪರದೀಸೊ'. ಅದರ 15ನೇ ಸರ್ಗದಲ್ಲಿ ಡಾಂಟೆಗೆ ಸ್ವರ್ಗದಲ್ಲಿ ತನ್ನ ಪೂರ್ವಜ ಸಿಗುತ್ತಾನೆ. ಹೆಸರು ಕಚ್ಚಗ್ವೀದಾ. ಕವಿಯ ಮುತ್ತಜ್ಜನ ತಂದೆ. ಜರ್ಮನಿಯ ದೊರೆ ಕಾನ್ರಾಡನ ಜೊತೆ ಎರಡನೇ ಧರ್ಮಯುದ್ಧಕ್ಕೆ (ಕ್ರುಸೇಡ್) ಹೋಗಿ ಅಲ್ಲೇ ಸತ್ತವನು. ಅಂದರೆ 1147ರ ಆಸುಪಾಸು.

ಅವನು ಹೇಳುವುದಿಷ್ಟು: ನನ್ನ ಹೆಂಡತಿ ಪೊ ನದಿಯ ಬಯಲಿನಿಂದ ಬಂದವಳು, ನಿನ್ನ ಅಡ್ಡಹೆಸರು ಅವಳ ಕಡೆಯಿಂದ ಹುಟ್ಟಿದ್ದು.

ಅಂದರೆ ಹೆಸರು ಬಂದಿದ್ದು ಗಂಡಿನ ಕಡೆಯಿಂದಲ್ಲ, ಮನೆಗೆ ಬಂದ ಸೊಸೆಯಿಂದ. ಅವಳ ತವರಿನ ಹೆಸರನ್ನು ಮಗನಿಗೆ ಇಟ್ಟರು. ಆ ಮಗ ಮೊದಲನೇ ಅಲಿಗಿಯೇರೊ. ಅವನ ಮಗ ಬೆಲ್ಲಿಂಚೊನೆ. ಬೆಲ್ಲಿಂಚೊನೆಯ ಮಗನಿಗೆ ಮತ್ತೆ ಅಜ್ಜನ ಹೆಸರು, ಅಲಿಗಿಯೇರೊ. ಅವನ ಮಗ ನಮ್ಮ ಕವಿ, ಹುಟ್ಟಿದ್ದು 1265. ಹೀಗೆ ತಾತನ ಹೆಸರು ಮೊಮ್ಮಗನಿಗೆ ಇಟ್ಟು ಇಟ್ಟು ಅದೇ ಮನೆತನದ ಹೆಸರಾಗಿ ನಿಂತುಬಿಟ್ಟಿತು. ನಮ್ಮಲ್ಲೂ ಅಜ್ಜನ ಹೆಸರು ಇಡುತ್ತೇವಲ್ಲ, ಅದೇ ತರ.

ಇನ್ನೊಂದು ತಮಾಷೆ. ಆ ಮೊದಲನೇ ಅಲಿಗಿಯೇರೊ ಸತ್ತು ನೂರು ವರ್ಷಕ್ಕೂ ಜಾಸ್ತಿ ಆಗಿದೆ, ಸತ್ತವರು ಪಾಪ ತೊಳೆದುಕೊಳ್ಳುವ ಬೆಟ್ಟದಲ್ಲಿ ಇನ್ನೂ ಅಹಂಕಾರಿಗಳ ಜಾಗದಲ್ಲಿ ಸುತ್ತುತ್ತಿದ್ದಾನೆ ಎಂದು ಅದೇ ಸರ್ಗದಲ್ಲಿ ಬರುತ್ತದೆ. ಸ್ವಂತ ಮುತ್ತಜ್ಜನನ್ನೂ ಬಿಟ್ಟಿಲ್ಲ ಪುಣ್ಯಾತ್ಮ.

ಕಡಲತಡಿ
ಅಮ್ಮನ ಕಡೆಯ ಹೆಸರು ಅಂದ ಕೂಡಲೇ ಕಿವಿ ನೆಟ್ಟಗಾಯಿತು. ನಮ್ಮ ತುಳುನಾಡಿನಲ್ಲಿ ಬಳಿ, ಅಂದರೆ ಕುಲದ ಹೆಸರು, ತಾಯಿಯಿಂದಲೇ ಬರೋದು ಮಾರಾಯ್ರೆ. ಅಪ್ಪನ ಬಳಿ ಬೇರೆ, ಮಕ್ಕಳ ಬಳಿ ಬೇರೆ.

ಹಳೇಪುಸ್ತಕ
ಹೋಲಿಕೆ ಚೆನ್ನಾಗಿದೆ, ಆದರೆ ಒಂದು ವ್ಯತ್ಯಾಸ ಇದೆ. ನಿಮ್ಮಲ್ಲಿ ಅದು ಕಟ್ಟಳೆ. ಅಲ್ಲಿ ಅದು ಒಮ್ಮೆ ಆಗಿಹೋದ ಸಂಗತಿ. ಆಮೇಲೆ ಹೆಸರು ಅಪ್ಪನಿಂದ ಮಗನಿಗೆ ಹೋಯಿತು.

ಪದಬಂಧ_ಪ್ರಕಾಶ
ಅಲಿಗಿಯೇರಿ ಅಂದರೆ ರೆಕ್ಕೆ ಇರುವವನು ಅಂತ ಅರ್ಥ. ಇಟಾಲಿಯನ್‌ನಲ್ಲಿ 'ಆಲಾ' ಅಂದರೆ ರೆಕ್ಕೆ. ಅವರ ಮನೆತನದ ಲಾಂಛನದಲ್ಲೂ ನೀಲಿ ಬಣ್ಣದ ಮೇಲೆ ಬಂಗಾರದ ರೆಕ್ಕೆ ಇದೆ. ಪ್ರಶ್ನೆಗೆ ಉತ್ತರ ಸಿಕ್ಕಿತು, ಎಲ್ಲರೂ ಮಲಗಿ.

ನುಡಿಗಾರ_ನವೀನ
ಮಲಗಬೇಡಿ. ಪ್ರಕಾಶ್ ಅವರು ಗಾಡಿಯನ್ನು ಎತ್ತಿನ ಮುಂದೆ ಕಟ್ಟಿದ್ದಾರೆ.

ರೆಕ್ಕೆಯ ಲಾಂಛನ ವೆರೋನಾದ ಶಾಖೆಯದ್ದು, ಆಮೇಲೆ ಬಂದಿದ್ದು. ಲ್ಯಾಟಿನ್‌ನಲ್ಲಿ 'ಅಲಿಗೆರ್' ಅಂದರೆ ರೆಕ್ಕೆಯುಳ್ಳವನು. ಹೆಸರು ಆ ಪದಕ್ಕೆ ಹತ್ತಿರ ಕೇಳುತ್ತೆ ಅಂತ ರೆಕ್ಕೆ ಬಿಡಿಸಿಕೊಂಡರು. ಪಂಡಿತರಿಗೆ ಲ್ಯಾಟಿನ್ ಹುಚ್ಚು ಹಿಡಿದಿದ್ದ ಕಾಲ ಅದು.

ಹಳೇ ಕಾಗದಗಳಲ್ಲಿ ಹೆಸರು ಹೇಗೆ ಬರೆದಿದೆ ನೋಡಿ. ಅಲಗಿಯೇರಿ, ಅಲ್ಲಿಗಿಯೇರಿ, ಅಲ್ದಿಗಿಯೇರಿ. ಆ ಕೊನೇ ರೂಪದಲ್ಲಿರುವ 'ದ' ಮುಖ್ಯ. ಇದು ಇಟಲಿಗೆ ಬಂದು ನೆಲೆಸಿದ ಜರ್ಮನ್ ಕುಲಗಳ ಹೆಸರು. 'ಅಲ್ದ್' ಅಂದರೆ ಹಳೆಯ, 'ಗೇರ್' ಅಂದರೆ ಈಟಿ. ಪೊ ಬಯಲಿನಲ್ಲಿ ಅಂಥದ್ದೇ ಒಂದು ಕುಲದವರಾದ ಲೊಂಬಾರ್ಡರು 200 ವರ್ಷ ಆಳಿದವರು. ಇಂಥ ಹೆಸರು ಅಲ್ಲಿ ಇರೋದು ಸಹಜ. 14ನೇ ಶತಮಾನದ ಲೇಖಕ ಬೊಕ್ಕಾಚಿಯೊ ಡಾಂಟೆಯ ಜೀವನಚರಿತ್ರೆ ಬರೆದಾಗ ಆ ಸೊಸೆ ಫೆರಾರಾ ಊರಿನ ಅಲ್ದಿಗಿಯೇರಿ ಮನೆಯವಳು ಅಂತಲೇ ಹೇಳುತ್ತಾನೆ.

ಹಾಗೆಯೇ, ಅದು ಡಾಂಟೆ ಅಲ್ಲ, ದಾಂತೆ. ಇಟಲಿಯವರ ತ, ದ ಎಲ್ಲ ಹಲ್ಲಿಗೆ ತಾಗಿ ಬರುತ್ತೆ, ನಮ್ಮ ತ, ದ ಹಾಗೇ. ಕನ್ನಡದಲ್ಲಿ ಅಷ್ಟು ಚೆನ್ನಾದ ಅಕ್ಷರ ಇದ್ದೂ ನಾವು ಇಂಗ್ಲಿಷಿನವರ ಬಾಯಿಂದ ಕೇಳಿ ಡಾಂಟೆ ಅಂತೀವಿ.

ಪದಬಂಧ_ಪ್ರಕಾಶ
ಸರಿ ಸ್ವಾಮಿ, ರೆಕ್ಕೆ ಮುದುರಿಕೊಂಡೆ. ಆದರೆ ದಾಂತೆ ಅಂತ ನಾನು ಹೇಳಲ್ಲ. ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಡಾಂಟೆ ಅಂದಿದ್ದರು, ನನಗೆ ಅದೇ ವೇದ.

ವೆರೋನಾ_ವಾಸು
ಇಲ್ಲಿನವರು ದಾಂತೆ ಅಂತಲೇ ಅನ್ನೋದು. ನವೀನ್ ಸರಿ. ಆದರೆ ಫ್ಲಾರೆನ್ಸಿನಿಂದ ವೆರೋನಾಗೆ ಹೇಗೆ ಬಂದರು ಅನ್ನೋದು ಇನ್ನೂ ಉಳಿಯಿತು.

ಹಳೇಪುಸ್ತಕ
ಬರೆಯೋಣ ಅಂತ ಕೂತಿದ್ದೆ, ಕರೆಂಟ್ ಹೋಗಿತ್ತು.

1302ರಲ್ಲಿ ದಾಂತೆಯನ್ನು ಫ್ಲಾರೆನ್ಸ್ ಗಡಿಪಾರು ಮಾಡಿತು. ಲಂಚದ ಆರೋಪ, ಹಿಂದೆ ಇದ್ದಿದ್ದು ಪಕ್ಷದ ಜಗಳ. ವಾಪಸ್ ಬಂದರೆ ಸುಡುತ್ತೇವೆ ಅಂದರು. ಅವನು ಊರೂರು ಅಲೆದ. ವೆರೋನಾದ ಸ್ಕಾಲಿಜೆರಿ ಅರಸರು ಆಶ್ರಯ ಕೊಟ್ಟವರಲ್ಲಿ ಮುಖ್ಯರು. ಕೊನೆಗೆ 1321ರಲ್ಲಿ ರವೆನ್ನಾದಲ್ಲಿ ತೀರಿಕೊಂಡ. ಮಗಳು ಅಂತೋನಿಯಾ ಅದೇ ರವೆನ್ನಾದಲ್ಲಿ ಸನ್ಯಾಸಿನಿಯಾದಳು. ಮಗ ಪಿಯೆತ್ರೊ ವೆರೋನಾದಲ್ಲಿ ನ್ಯಾಯಾಧೀಶನಾಗಿ ನೆಲೆಯೂರಿದ. ಅಪ್ಪನ ಕಾವ್ಯಕ್ಕೆ ವ್ಯಾಖ್ಯಾನವನ್ನೂ ಬರೆದ. 1353ರಲ್ಲಿ ಗರ್ಗಾನ್ಯಾಗೊದಲ್ಲಿ ಜಮೀನು ಕೊಂಡ. ವಾಸು ನೀರು ಕುಡಿದ ಊರು ಅದೇ.

ಫ್ಲಾರೆನ್ಸ್ ಓಡಿಸಿದ್ದಕ್ಕೆ ಹೆಸರು ಇಲ್ಲಿ ಉಳಿಯಿತು ಅನ್ನಬಹುದು. ಆದರೆ 1500ರ ನಂತರ ಗಂಡು ಮಕ್ಕಳ ಸಾಲು ಕೊನೆಗೆ ಬಂತು. ಉಳಿದವಳು ಜಿನೆವ್ರಾ ಅಲಿಗಿಯೇರಿ. 1549ರಲ್ಲಿ ಅವಳು ವೆರೋನಾದ ಕೌಂಟ್ ಮಾರ್ಕಾಂತೋನಿಯೊ ಸೆರೆಗೊನನ್ನು ಮದುವೆಯಾದಳು. ಹೆಸರು ಅಳಿಯಬಾರದು ಅಂತ ಅವರ ಮಕ್ಕಳ ಕಾಲದಿಂದ ಎರಡನ್ನೂ ಸೇರಿಸಿದರು. ಸೆರೆಗೊ ಅಲಿಗಿಯೇರಿ. ಜಮೀನು ಇವತ್ತಿಗೂ ಆ ಮನೆಯವರ ಕೈಯಲ್ಲೇ ಇದೆ.

ಗಮನಿಸಿದಿರಾ? ಹೆಸರು ಮನೆಗೆ ಬಂದಿದ್ದು ಹೆಣ್ಣಿನಿಂದ, ಉಳಿದಿದ್ದೂ ಹೆಣ್ಣಿನಿಂದ. ನಡುವೆ ನಾಲ್ಕು ನೂರು ವರ್ಷ ಗಂಡಸರು ಹೊತ್ತು ತಿರುಗಿದರು ಅಷ್ಟೇ.

ಸುಮಾ_ಎಚ್
ಆ ಕೊನೇ ಸಾಲಿಗೆ ಒಂದು ಕಾಫಿ ನನ್ನ ಲೆಕ್ಕದಲ್ಲಿ.

ನುಡಿಗಾರ_ನವೀನ
ಸೆರೆಗೊ ಅನ್ನೋದು ಊರ ಹೆಸರು. ಪಕ್ಕದ ವಿಚೆಂಜಾ ಜಿಲ್ಲೆಯಲ್ಲಿ ಸರೆಗೊ ಅಂತ ಊರು ಇದೆ. ವಾಸು, ಅದೇ ಬೆಟ್ಟದ ಸಾಲಿನಲ್ಲಿ ಸಾಂತಾ ಸೋಫಿಯಾ ಕಡೆ ಹೋದರೆ ವಾಸ್ತುಶಿಲ್ಪಿ ಪಲ್ಲಾಡಿಯೊ ಸೆರೆಗೊ ಮನೆತನಕ್ಕೆ ಕಟ್ಟಿದ ವಿಲ್ಲಾ ಇದೆ. ಒರಟು ಕಲ್ಲನ್ನು ಒಂದರ ಮೇಲೊಂದು ಪೇರಿಸಿದಂಥ ಕಂಬಗಳು. ರೊಟ್ಟಿ ಅಟ್ಟಿಯ ಹಾಗೆ ಕಾಣುತ್ತವೆ. ಯುನೆಸ್ಕೊ ಪಟ್ಟಿಯಲ್ಲೂ ಇದೆ.

ಲೆಕ್ಕದಮೇಷ್ಟ್ರು
ಗಂಡು ಸಾಲು ನಿಂತಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ. ನಿಲ್ಲದಿದ್ದರೆ ಆಶ್ಚರ್ಯ.

1873ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಒಂದು ಪತ್ರಿಕೆಯಲ್ಲಿ ಇದೇ ಪ್ರಶ್ನೆ ಕೇಳಿದ. ದೊಡ್ಡ ದೊಡ್ಡ ಮನೆತನಗಳ ಹೆಸರು ಯಾಕೆ ಅಳಿದುಹೋಗುತ್ತಿವೆ? ಹೆನ್ರಿ ವಾಟ್ಸನ್ ಎಂಬ ಪಾದ್ರಿ ಲೆಕ್ಕ ಮಾಡಿ ಉತ್ತರ ಕಳಿಸಿದ. ಅದರಲ್ಲಿ ಒಂದು ತಪ್ಪೂ ಇತ್ತು. ಯಾವ ಹೆಸರಾದರೂ ಕೊನೆಗೆ ಅಳಿಯಲೇಬೇಕು ಅಂದುಬಿಟ್ಟ. ಸರಾಸರಿ ಒಬ್ಬರಿಗಿಂತ ಜಾಸ್ತಿ ಗಂಡು ಮಕ್ಕಳಿದ್ದರೆ ಉಳಿಯುವ ಸಾಧ್ಯತೆ ಇದೆ. ಸರಾಸರಿ ಸರಿಯಾಗಿ ಒಂದಿದ್ದರೆ, ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಇವತ್ತಲ್ಲ ನಾಳೆ ಅಳಿಯುತ್ತದೆ.

ಸುಮ್ನೆ ಒಂದು ಲೆಕ್ಕ ಹಾಕೋಣ. ಒಬ್ಬ ಗಂಡಸಿಗೆ ಸರಾಸರಿ ಒಬ್ಬ ಮಗ ದೊಡ್ಡವನಾಗಿ ಸಂಸಾರ ಹೂಡುತ್ತಾನೆ ಅಂದುಕೊಳ್ಳಿ. ಕೆಲವರಿಗೆ ಸೊನ್ನೆ, ಕೆಲವರಿಗೆ ಇಬ್ಬರು, ಮೂವರು. ಮೊದಲ ತಲೆಮಾರಿಗೇ ಹೆಸರು ಅಳಿಯುವ ಸಾಧ್ಯತೆ ಶೇಕಡಾ 37. ಎರಡನೆಯದಕ್ಕೆ 53. ಮೂರಕ್ಕೆ 63. ಐದಕ್ಕೆ 73. ಎಂಟಕ್ಕೆ 81. ತಲೆಮಾರಿಗೆ 30 ವರ್ಷ ಅಂತ ಇಟ್ಟರೆ 1300ರಿಂದ 1549ಕ್ಕೆ ಎಂಟು ತಲೆಮಾರು ಆಯ್ತು.

ಬೆಣ್ಣೆದೋಸೆ_ದಾವಣಗೆರೆ
ಮೇಷ್ಟ್ರೇ, ದಾಂತೆಗೆ ಒಬ್ಬನೇ ಮಗ ಅಲ್ಲವಲ್ಲ. ಯಾಕೊಪೊ ಅಂತ ಇನ್ನೊಬ್ಬ ಇದ್ದ. ನಿಮ್ಮ 81 ತಪ್ಪು.

ಲೆಕ್ಕದಮೇಷ್ಟ್ರು
ಭಲೇ, ಕ್ಲಾಸಲ್ಲಿ ನಿದ್ದೆ ಮಾಡಿಲ್ಲ. ಇಬ್ಬರಿಂದ ಶುರು ಮಾಡಿದರೆ ಎರಡೂ ಸಾಲು ಅಳಿಯಬೇಕು. 0.81ನ್ನು 0.81ರಿಂದ ಗುಣಿಸಿ. 0.66 ಬರುತ್ತೆ. ಮೂರಕ್ಕೆ ಎರಡು ಪಾಲು ಅಳಿಯುವ ಸಾಧ್ಯತೆ. ಈಗಲೂ ಅಳಿಯೋದೇ ಜಾಸ್ತಿ.

ಸುಮಾ_ಎಚ್
ಪ್ಲೇಗ್ ಮರೆತಿರಾ ಸರ್? 1348ರ ಮಹಾಮಾರಿ ಇದರ ಮಧ್ಯೆಯೇ ಬಂದಿದ್ದು. ಸರಾಸರಿ ಒಬ್ಬ ಮಗ ಉಳಿಯೋದೇ ಕಷ್ಟ ಇದ್ದ ಕಾಲ.

ಲೆಕ್ಕದಮೇಷ್ಟ್ರು
ಒಪ್ಪಿದೆ. ಹಾಗಾದರೆ ಸಾಧ್ಯತೆ ಇನ್ನೂ ಮೇಲೆ ಹೋಗುತ್ತೆ. ಮೈಕೆಲೇಂಜೆಲೊನ ಬುವೊನರೊತಿ ಮನೆತನ ನೋಡಿ. ಅವನಿಗೆ ಮದುವೆಯೇ ಇಲ್ಲ. ಅಣ್ಣನ ಮಗನಿಂದಲೋ ತಮ್ಮನ ಮಗನಿಂದಲೋ ಹೆಸರು 1858ರವರೆಗೆ ಎಳೆದುಕೊಂಡು ಬಂತು. ಆ ವರ್ಷ ಕೊನೆಯವನು ಮನೆಯನ್ನು ಫ್ಲಾರೆನ್ಸ್ ನಗರಕ್ಕೆ ಬಿಟ್ಟು ಸತ್ತ. ಈಗ ಅದು ಮ್ಯೂಸಿಯಂ.

ಹಳೇಪುಸ್ತಕ
ತಮ್ಮನ ಮಗ, ಲಿಯೊನಾರ್ದೊ. 'ಲೋ' ಅಂತ ಅನುಮಾನ ಬೇಡ ಮೇಷ್ಟ್ರೇ. ಆ ಹುಡುಗನಿಗೆ ಮದುವೆಯಾಗು ಅಂತ ದೊಡ್ಡಪ್ಪ ಕಾಗದ ಬರೆದು ಬರೆದು ಪೀಡಿಸಿದ್ದಾನೆ. ಗೆಲಿಲಿಯೊನ ಮನೆಯದ್ದು ಬೇರೆ ಕತೆ. ಅವರ ಮೊದಲಿನ ಹೆಸರು ಬೊನಾಯುತಿ. ಮನೆಯಲ್ಲಿ ಗೆಲಿಲಿಯೊ ಅಂತ ಹೆಸರುವಾಸಿ ವೈದ್ಯನಿದ್ದ, ಅವನ ಹೆಸರೇ ಮನೆತನಕ್ಕೆ ಅಂಟಿತು. ಗೆಲಿಲಿಯೊ ಗೆಲಿಲಿ ಅಂತ ಎರಡು ಸಲ ಬರೋದು ಅದಕ್ಕೇ.

ದತ್ತಾಂಶ_ದೀಪಾ
ತಡವಾಗಿ ಬಂದೆ. ಎರಡನೇ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ, ಎಷ್ಟು ಜನ ಅನ್ನೋದು.

ವಾಸು, ಎರಡು ತಾಣ ಎರಡು ಸಂಖ್ಯೆ ಯಾಕೆ ಕೊಟ್ಟವು ಅಂದರೆ, ಎರಡೂ ಜನರನ್ನು ಎಣಿಸಿಲ್ಲ. ಇಟಲಿಯ ಅಡ್ಡಹೆಸರಿನ ನಕ್ಷೆಗಳು ಹುಟ್ಟಿದ್ದೇ ಟೆಲಿಫೋನ್ ಡೈರೆಕ್ಟರಿಯಿಂದ. 1970ರ ದಶಕದ ಡೈರೆಕ್ಟರಿ ಇಟ್ಟುಕೊಂಡು ಎಮಿದಿಯೊ ದೆ ಫೆಲಿಚೆ ಎಂಬ ಭಾಷಾಶಾಸ್ತ್ರಜ್ಞ ಅಡ್ಡಹೆಸರುಗಳ ಅಧ್ಯಯನ ಮಾಡಿದರು. ಆಮೇಲೆ ಬಂದ ತಾಣಗಳೂ ಅದೇ ದಾರಿ ಹಿಡಿದವು. ಡೈರೆಕ್ಟರಿಯಲ್ಲಿ ಒಂದು ಸಾಲು ಅಂದರೆ ಒಂದು ಲ್ಯಾಂಡ್‌ಲೈನ್. ಮನೆಯಲ್ಲಿ ಆರು ಜನ ಇದ್ದರೂ ಒಂದು, ಒಬ್ಬಳೇ ಅಜ್ಜಿ ಇದ್ದರೂ ಒಂದು. ಮೊಬೈಲ್ ಬಂದಮೇಲೆ ಲ್ಯಾಂಡ್‌ಲೈನ್ ತೆಗೆಸಿದವರು ಲೆಕ್ಕಕ್ಕೇ ಇಲ್ಲ.

ರೊಸ್ಸಿ ತರದ ಹೆಸರಿಗೆ ಇದರಿಂದ ತೊಂದರೆ ಇಲ್ಲ. ಸಾವಿರಾರು ಸಾಲಿನಲ್ಲಿ ಹೆಚ್ಚುಕಮ್ಮಿ ಸರಿಹೋಗುತ್ತೆ. ಅಪರೂಪದ ಹೆಸರಿಗೆ ಹಾಗಲ್ಲ. ಮೂರು ಮನೆ ಇರುವ ಕಡೆ ಒಂದು ಮನೆಯವರು ಫೋನ್ ತೆಗೆಸಿದರೆ ನಕ್ಷೆಯಲ್ಲಿ ಮೂರನೇ ಒಂದು ಭಾಗ ಮಾಯ! ಇಡೀ ಪ್ರಪಂಚದ ಲೆಕ್ಕ ಕೊಡುವ ತಾಣಗಳು ಸಿಕ್ಕ ಮಾದರಿಯನ್ನು ಜನಸಂಖ್ಯೆಗೆ ಹಿಗ್ಗಿಸುತ್ತವೆ. ಇಟಲಿಯ ಜನಸಂಖ್ಯೆ ಸುಮಾರು 5.9 ಕೋಟಿ. ಮಾದರಿಯಲ್ಲಿ ಒಬ್ಬ ಹೆಚ್ಚು ಸಿಕ್ಕರೂ ಹಿಗ್ಗಿಸಿದಾಗ ಹತ್ತಾರು ಜನ ಹುಟ್ಟಿಬಿಡುತ್ತಾರೆ.

ಇನ್ನೂ ಒಂದಿದೆ. ನೀವು ಯಾವ ಅಕ್ಷರದಲ್ಲಿ ಹುಡುಕಿದಿರಿ?

ವೆರೋನಾ_ವಾಸು
'ಅಲಿಗಿಯೇರಿ' ಅಂತ ಹುಡುಕಿದೆ. ಇನ್ನು ಹೇಗೆ?

ದತ್ತಾಂಶ_ದೀಪಾ
ಅದೇ ಎಡವಟ್ಟು. ನಿಮಗೆ ಬೇಕಾದ ಮನೆಯವರ ಹೆಸರು 'ದಿ ಸೆರೆಗೊ ಅಲಿಗಿಯೇರಿ'. ಪಟ್ಟಿಯಲ್ಲಿ ಅದು 'ದಿ' ಕೆಳಗೆ ಇರುತ್ತೆ, ಇಲ್ಲಾ 'ಸೆ' ಕೆಳಗೆ. 'ಅ' ಕೆಳಗೆ ಸಿಗುವವರು ಬೇರೆಯವರು. ಅವರಿಗೂ ಕವಿಗೂ ಸಂಬಂಧ ಇರಬೇಕು ಅಂತೇನಿಲ್ಲ. ಅಲ್ದಿಗಿಯೇರಿ ಅಂತ ಬರೆಯುವವರು ಮತ್ತೆ ಬೇರೆ. ಒಂದು ಹೆಸರಿನ ಜನಸಂಖ್ಯೆ ಕೇಳುವ ಮೊದಲು ಯಾವುದನ್ನು ಒಂದೇ ಹೆಸರು ಅಂತೀರಿ ಅಂತ ತೀರ್ಮಾನ ಮಾಡಿಕೊಳ್ಳಬೇಕು. ನೀವು ಬೋರ್ಡಿನಲ್ಲಿ ನೋಡಿದ ಜೋಡಿ ಹೆಸರಿನ ಲೆಕ್ಕ ಸುಲಭ. ಅದು 1549ರ ಒಂದೇ ಮದುವೆಯಿಂದ ಕವಲೊಡೆದ ಒಂದೇ ಕುಟುಂಬ.

ನುಡಿಗಾರ_ನವೀನ
ಹೌದು. 'ಅಲ್ದಿಗೇರ್' ಎಂಬ ಹೆಸರಿನವರು ಬೇರೆ ಬೇರೆ ಊರಲ್ಲಿ ಇದ್ದರು. ಪ್ರತಿಯೊಬ್ಬನ ಮೊಮ್ಮಕ್ಕಳೂ ಅದನ್ನೇ ಮನೆತನದ ಹೆಸರು ಮಾಡಿಕೊಂಡಿರಬಹುದು. ಇಟಲಿಯಲ್ಲಿ ಅಡ್ಡಹೆಸರು ಗಟ್ಟಿಯಾಗಿ ನಿಂತಿದ್ದು ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಸಭೆಯಾದ ಮೇಲೆ. 1563ರಲ್ಲಿ ಪ್ರತಿ ಚರ್ಚೂ ದೀಕ್ಷಾಸ್ನಾನ, ಮದುವೆಗಳ ದಾಖಲೆ ಪುಸ್ತಕ ಇಡಬೇಕು ಅಂತ ಕಟ್ಟಳೆ ಮಾಡಿದರು. ಬರೆದಿಟ್ಟ ಮೇಲೆ ಬದಲಾಯಿಸೋದು ಕಷ್ಟ. ಜಿನೆವ್ರಾ ಮದುವೆಯಾಗಿ 14 ವರ್ಷಕ್ಕೆ ಆ ಕಟ್ಟಳೆ ಬಂತು ನೋಡಿ.

ಬೆಣ್ಣೆದೋಸೆ_ದಾವಣಗೆರೆ
ರೊಸ್ಸಿ ಅಂದರೆ ಏನು? ಬೈಕ್ ಓಡಿಸೋ ರೊಸ್ಸಿ ಗೊತ್ತು ನಂಗೆ.

ನುಡಿಗಾರ_ನವೀನ
ಕೆಂಪು ಕೂದಲಿನವರು. ನಮ್ಮ ಕೆಂಪಣ್ಣ, ಕೆಂಪಯ್ಯ ಅನ್ನೋ ಹಾಗೆ. ದೇಶದಲ್ಲೇ ಅತಿ ಸಾಮಾನ್ಯ ಅಡ್ಡಹೆಸರು. ಫೆರಾರಿ ಅಂದರೆ ಕಮ್ಮಾರ. ಕಾರಿನ ಬೆಲೆ ನೋಡಿ ಮೋಸ ಹೋಗಬೇಡಿ.

ಸುಮಾ_ಎಚ್
ಎಸ್ಪೊಸಿತೊ ಹೆಸರಿನ ಕತೆ ಯಾರಾದರೂ ಹೇಳಿ. ನಾನು ನೇಪಲ್ಸಿನಲ್ಲಿ ಆರು ತಿಂಗಳು ಇದ್ದೆ, ನಮ್ಮ ಲ್ಯಾಬಿನಲ್ಲೇ ಇಬ್ಬರು ಇದ್ದರು.

ಸರಿ, ನಾನೇ ಹೇಳುತ್ತೇನೆ. ನೇಪಲ್ಸಿನಲ್ಲಿ ಅನ್ನುಂಝಿಯಾತಾ ಎಂಬ ಹಳೇ ಆಸ್ಪತ್ರೆ ಇದೆ. ಅದರ ಗೋಡೆಯಲ್ಲಿ ಒಂದು ಕಿಂಡಿ, ಒಳಗೆ ಮರದ ತಿರುಗಣೆ. ಸಾಕಲಾಗದ ಮಗುವನ್ನು ಹೊರಗಿನಿಂದ ಇಟ್ಟು ತಿರುಗಿಸಿದರೆ ಮಗು ಒಳಗೆ ಹೋಗುತ್ತೆ. ಇಟ್ಟವರು ಯಾರು ಅಂತ ಒಳಗಿನವರಿಗೆ ಕಾಣಲ್ಲ. ಆ ಮಕ್ಕಳಿಗೆ ಎಸ್ಪೊಸಿತೊ ಅಂತ ಹೆಸರು. ಹೊರಗೆ ಇಟ್ಟ ಮಗು ಅಂತ ಅರ್ಥ. 1875ರಲ್ಲಿ ತಿರುಗಣೆ ಮುಚ್ಚಿದರು. ನಾನು ಹೋಗಿ ನೋಡಿದೆ. ಕಿಂಡಿ ನಮ್ಮ ಹಳೇ ಮನೆಯ ಗೂಡಿನಷ್ಟು ಅಗಲ ಅಷ್ಟೇ. ಕೈ ಇಟ್ಟು ನೋಡೋಣ ಅನ್ನಿಸಿತು, ಆಮೇಲೆ ಆಗಲಿಲ್ಲ.

ಫ್ಲಾರೆನ್ಸಿನಲ್ಲಿ ಅಂಥವರಿಗೆ ಇನ್ನೊಚೆಂತಿ, ಮಿಲಾನಿನಲ್ಲಿ ಕೊಲೊಂಬೊ, ರೋಮಿನಲ್ಲಿ ಪ್ರೊಯೆತಿ. ಇಂದು ಎಸ್ಪೊಸಿತೊ ಇಟಲಿಯ ಮೊದಲ ಐದು ಹೆಸರುಗಳಲ್ಲಿ ಒಂದು. ಅಷ್ಟೂ ಜನಕ್ಕೆ ಒಬ್ಬ ಮೂಲಪುರುಷ ಇಲ್ಲ, ಒಂದು ಗೋಡೆ ಇದೆ.

ಕಡಲತಡಿ
ಓದಿ ಸುಮ್ಮನೆ ಕೂತೆ.

ಬಳ್ಳಾರಿ_ಬಿಸಿಲು
ಅಪರೂಪದ ಇಟಲಿ ಹೆಸರು ಅಂದರೆ ನಮ್ಮೂರಿಗೆ ಮೈನೊ ನೆನಪಾಗುತ್ತೆ. ಸೋನಿಯಾ ಗಾಂಧಿಯವರ ತವರು ಹೆಸರು. ಹುಟ್ಟಿದ್ದು ಲುಸಿಯಾನಾ, ಇದೇ ವಿಚೆಂಜಾ ಜಿಲ್ಲೆ. 1999ರಲ್ಲಿ ಬಳ್ಳಾರಿಗೆ ಬಂದು ಸುಷ್ಮಾ ಸ್ವರಾಜ್ ಎದುರು ಗೆದ್ದಾಗ ನಾನು ಹೈಸ್ಕೂಲು. ಆ ಚುನಾವಣೆ ಬಗ್ಗೆ ಹೇಳಬೇಕು ಅಂದರೆ...

ನಿರ್ವಾಹಕ
ಹೇಳಬೇಡಿ. ಚುನಾವಣೆ ವಿಷಯಕ್ಕೆ ಬೇರೆ ಎಳೆ ಇದೆ. ಇಲ್ಲಿ ಹೆಸರಿನ ಮಾತು ಮಾತ್ರ.

ಬಳ್ಳಾರಿ_ಬಿಸಿಲು
ಸರಿ ಸರ್. ಆದರೆ ಹೆಸರಿನ ಮಾತೇ ಆಡುತ್ತಿದ್ದೆ.

ಹಂಪಿ_ಹುಚ್ಚ
ಬಳ್ಳಾರಿ ಕಡೆಗೆ ಬಂದ ಮೊದಲ ಇಟಲಿಯವರ ಹೆಸರು ಬೇಕಾದರೆ ನಿಕೊಲೊ ದೆ ಕೊಂತಿ ಹೇಳಿ. 1420ರ ಸುಮಾರಿಗೆ ವಿಜಯನಗರ ನೋಡಿದವನು. ಊರಿನ ಸುತ್ತಳತೆ 60 ಮೈಲಿ, ಆಯುಧ ಹಿಡಿಯಬಲ್ಲ ಗಂಡಸರು 90,000 ಅಂತ ಹೇಳಿದ. ಅವನ ಮಾತನ್ನು ಪೋಪರ ಕಾರ್ಯದರ್ಶಿ ಪೊಜ್ಜೊ ಬರೆದುಕೊಂಡ. ದೆ ಕೊಂತಿ ವೆನಿಸ್ ಪಕ್ಕದ ಕಿಯೊಜ್ಜಾ ಊರಿನವನು.

ಈಗ ವಿಷಯಕ್ಕೆ ಬರ್ತೀನಿ, ನಿರ್ವಾಹಕರು ಕೋಲು ಎತ್ತುವ ಮೊದಲು. ಕಿಯೊಜ್ಜಾದಲ್ಲಿ ಅಪರೂಪದ ಹೆಸರಿನ ಉಲ್ಟಾ ಸಮಸ್ಯೆ. ಊರಲ್ಲಿ ಬಹಳ ಜನಕ್ಕೆ ಬೊಸ್ಕೊಲೊ, ತಿಯೊತ್ಸೊ ಅಂತಲೇ ಅಡ್ಡಹೆಸರು. ಒಂದೇ ಬೀದಿಯಲ್ಲಿ ಹತ್ತು ಜೊವಾನಿ ಬೊಸ್ಕೊಲೊ ಇದ್ದರೆ ಅಂಚೆಯವನು ಏನು ಮಾಡಬೇಕು? ಅದಕ್ಕೇ ಪ್ರತಿ ಮನೆಗೂ ಒಂದು ಅಡ್ಡಹೆಸರಿನ ಅಡ್ಡಹೆಸರು. ಅದು ಈಗ ಸರ್ಕಾರಿ ಗುರುತಿನ ಚೀಟಿಯಲ್ಲೇ ಇರುತ್ತೆ.

ಬೆಣ್ಣೆದೋಸೆ_ದಾವಣಗೆರೆ
ನಮ್ಮೂರಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಅಂಗಡಿ ಅಂತ ಇಟ್ಟ ಹಾಗೆ.

ಹಂಪಿ_ಹುಚ್ಚ
ಅಪ್ಪಟ ಹಾಗೇ.

ಮಹೇಶ_ತೊರಿನೊ
ಅಡ್ಡಹೆಸರಿನ ವಿಷಯದಲ್ಲಿ ನನ್ನ ಕಷ್ಟ ಕೇಳಿ. ನನ್ನ ಪಾಸ್‌ಪೋರ್ಟಿನಲ್ಲಿ ಹೆಸರು ಮಹೇಶ, ಅಡ್ಡಹೆಸರು 'ಕೆ'. ಊರ ಹೆಸರಿನ ಮೊದಲಕ್ಷರ. ನಮ್ಮಲ್ಲಿ ಅಷ್ಟೇ ಅಲ್ವಾ?

ಇಟಲಿಯಲ್ಲಿ ಕೋದಿಚೆ ಫಿಸ್ಕಾಲೆ ಅಂತ ಒಂದು ನಂಬರ್ ಇದೆ. ನಮ್ಮ ಪ್ಯಾನ್ ಕಾರ್ಡ್ ತರ. ಅದಿಲ್ಲದೆ ಮನೆ, ಸಿಮ್, ಬ್ಯಾಂಕ್ ಏನೂ ಸಿಗಲ್ಲ. 16 ಅಕ್ಷರ. ಮೊದಲ ಮೂರು ಅಡ್ಡಹೆಸರಿನ ವ್ಯಂಜನಗಳು. ಆಮೇಲೆ ಮೂರು ಹೆಸರಿನವು. ಆಮೇಲೆ ಹುಟ್ಟಿದ ವರ್ಷದ ಕೊನೇ ಎರಡು ಅಂಕಿ, ತಿಂಗಳಿಗೊಂದು ಅಕ್ಷರ, ತಾರೀಕು, ಊರಿನ ಸಂಕೇತ. ಹೆಣ್ಣಾದರೆ ತಾರೀಕಿಗೆ 40 ಕೂಡಿಸುತ್ತಾರೆ.

ನನ್ನ ಅಡ್ಡಹೆಸರಲ್ಲಿ ಒಂದೇ ಅಕ್ಷರ. ಉಳಿದ ಜಾಗಕ್ಕೆ ಎಕ್ಸ್ ತುಂಬುತ್ತಾರೆ. ಹಾಗಾಗಿ ನಾನು ಕೆಎಕ್ಸ್‌ಎಕ್ಸ್. ಒಂದು ಕಚೇರಿಯಲ್ಲಿ ಕೌಂಟರಿನ ಹೆಂಗಸು ಅದನ್ನು ನೋಡಿ, "ಇದು ಅಡ್ಡಹೆಸರಲ್ಲ, ಟೈಪಿಂಗ್ ತಪ್ಪು" ಅಂತ ಅರ್ಜಿ ವಾಪಸ್ ಕೊಟ್ಟಳು. ಮೂರು ಸಲ ಅಲೆದೆ. ನಾಲ್ಕನೇ ಸಲ ಇನ್ನೊಬ್ಬ ಇದ್ದ. ನೋಬೆಲ್ ಪಡೆದ ನಾಟಕಕಾರ ದಾರಿಯೊ ಫೊ ಗೊತ್ತಾ, ಅವನದ್ದೂ ಹೀಗೇ ಎಫ್‌ಒಎಕ್ಸ್ ಆಗುತ್ತಿತ್ತು ಅಂತ ನಕ್ಕು ಠಸ್ಸೆ ಒತ್ತಿದ.

ವೆರೋನಾ_ವಾಸು
ಹಹ್ಹ, ಕೆಎಕ್ಸ್‌ಎಕ್ಸ್! ಹಾಗಾದರೆ ದಾಂತೆ ಅಲಿಗಿಯೇರಿಯ ಕೋಡ್ ಎಲ್‌ಜಿಎಚ್ ಡಿಎನ್‌ಟಿ 65. ಅಲ್ಲಿಂದ ಮುಂದೆ ಕಷ್ಟ. ಅವನು ಹುಟ್ಟಿದ ತಾರೀಕೇ ದಾಖಲೆಯಲ್ಲಿ ಇಲ್ಲ.

ಹಳೇಪುಸ್ತಕ
ಕಾವ್ಯದಲ್ಲಿ ಮಿಥುನ ರಾಶಿ ಅಂತ ಸುಳಿವು ಕೊಟ್ಟಿದ್ದಾನೆ. ಮೇ ಕೊನೆ ಇಲ್ಲಾ ಜೂನ್. ಆ ಇಡೀ ಕಾವ್ಯದಲ್ಲಿ 'ದಾಂತೆ' ಅಂತ ಹೆಸರು ಬರೋದು ಒಂದೇ ಒಂದು ಸಲ, ಅಲಿಗಿಯೇರಿ ಅಂತ ಒಂದು ಸಲವೂ ಇಲ್ಲ.

ಬೆಣ್ಣೆದೋಸೆ_ದಾವಣಗೆರೆ
ಈಗ ಮುಖ್ಯ ಪ್ರಶ್ನೆ. ನನ್ನ ಅಡ್ಡಹೆಸರನ್ನು ಅಲಿಗಿಯೇರಿ ಅಂತ ಬದಲಾಯಿಸಿಕೊಂಡರೆ ಇಟಲಿ ಪೌರತ್ವ ಸಿಗುತ್ತಾ?

ದತ್ತಾಂಶ_ದೀಪಾ
ಇಲ್ಲ. ಹೆಸರಿನಿಂದ ಯಾವತ್ತೂ ಸಿಗುತ್ತಿರಲಿಲ್ಲ, ವಂಶದ ಕಾಗದ ತೋರಿಸಬೇಕಿತ್ತು. 2025ರ ಕಾನೂನು ಅದನ್ನೂ ಬಿಗಿ ಮಾಡಿತು. ಈಗ ಹೊರದೇಶದಲ್ಲಿ ಹುಟ್ಟಿದವರು ಅಪ್ಪ ಅಮ್ಮ ಇಲ್ಲಾ ಅಜ್ಜ ಅಜ್ಜಿವರೆಗೆ ಮಾತ್ರ ಹಕ್ಕು ಕೇಳಬಹುದು. ಮುತ್ತಜ್ಜನ ಕಾಗದ ಹಿಡಿದು ಕಾಯುತ್ತಿದ್ದ ಬ್ರೆಜಿಲ್, ಅರ್ಜೆಂಟೀನಾದವರಿಗೆ ದೊಡ್ಡ ಹೊಡೆತ.

ಸುಮಾ_ಎಚ್
ಅಮ್ಮನ ಹೆಸರಿನ ವಿಷಯಕ್ಕೆ ವಾಪಸ್ ಬರೋಣ. ಇಟಲಿಯಲ್ಲಿ ಮಗುವಿಗೆ ಅಪ್ಪನ ಹೆಸರು ತಾನಾಗಿಯೇ ಬರುತ್ತಿತ್ತು. 2022ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದು ತಪ್ಪು ಅಂದಿತು. 131ನೇ ತೀರ್ಪು. ಈಗ ಮಗುವಿಗೆ ಇಬ್ಬರ ಹೆಸರೂ, ಇಬ್ಬರು ಒಪ್ಪಿದ ಅನುಕ್ರಮದಲ್ಲಿ. ಬೇಡ ಅಂದರೆ ಇಬ್ಬರೂ ಒಪ್ಪಿ ಒಂದನ್ನೇ ಇಡಬಹುದು. ಜಿನೆವ್ರಾ ಮನೆಯವರು ಸುಮಾರು 470 ವರ್ಷ ಮೊದಲೇ ಮಾಡಿದ್ದು.

ಲೆಕ್ಕದಮೇಷ್ಟ್ರು
ಗಾಲ್ಟನ್ ಲೆಕ್ಕವೇ ತಲೆಕೆಳಗು! ಹೆಣ್ಣು ಮಕ್ಕಳೂ ಹೆಸರು ದಾಟಿಸಿದರೆ ಅಳಿವು ತುಂಬ ನಿಧಾನ ಆಗುತ್ತೆ.

ದತ್ತಾಂಶ_ದೀಪಾ
ಆದರೆ ಎರಡು ಹೆಸರಿನವರು ಇನ್ನೊಬ್ಬ ಎರಡು ಹೆಸರಿನವರನ್ನು ಮದುವೆಯಾದರೆ ಮಗುವಿಗೆ ನಾಲ್ಕು. ಸಂಸತ್ತು ಕಾನೂನು ಮಾಡಿ ಅಂತ ನ್ಯಾಯಾಲಯವೇ ಹೇಳಿದೆ. ಎಣಿಸುವವರ ಗತಿ ಕೇಳಬೇಡಿ.

ವೆರೋನಾ_ವಾಸು
ಹಾಗಾದರೆ ಜಿನೆವ್ರಾಗೆ ಇವತ್ತು ಕೋಡ್ ಕೊಟ್ಟರೆ? ಮದುವೆ ಆದ ಮೇಲೆ ಎಸ್‌ಆರ್‌ಜಿ ಆಗುತ್ತಾ?

ಮಹೇಶ_ತೊರಿನೊ
ಇಲ್ಲ. ಇಟಲಿಯಲ್ಲಿ ಹೆಂಗಸರು ಮದುವೆಯಾದರೂ ದಾಖಲೆಯಲ್ಲಿ ತವರು ಹೆಸರೇ. ಅವಳು ಎಲ್‌ಜಿಎಚ್ ಆಗಿಯೇ ಇರ್ತಾಳೆ. ಅಡ್ಡಹೆಸರಿಗಲ್ಲ, ಇಟ್ಟ ಹೆಸರಿಗೆ ಇನ್ನೊಂದು ನಿಯಮ: ಅದರಲ್ಲಿ ನಾಲ್ಕು ವ್ಯಂಜನ ಇದ್ದರೆ ಎರಡನೆಯದನ್ನು ಬಿಡಬೇಕು. ಹಾಗಾಗಿ ಜಿನೆವ್ರಾಗೆ ಜಿವಿಆರ್.

ಎಲ್‌ಜಿಎಚ್ ಜಿವಿಆರ್. ತಾರೀಕಿಗೆ 40 ಕೂಡಿಸೋದು ಮರೀಬೇಡಿ.

ಸುಮಾ_ಎಚ್
ಮತ್ತೆ ಅವಳ ಮಗನಿಗೆ?

ಮಹೇಶ_ತೊರಿನೊ
ಸೆರೆಗೊ ಅಲಿಗಿಯೇರಿ ಅಂದರೆ ಮೊದಲ ಮೂರು ವ್ಯಂಜನ ಎಸ್‌ಆರ್‌ಜಿ. ಅಲ್ಲಿಗೆ ಜಾಗ ಮುಗೀತು. ಮುಂದೆ 'ದಿ' ಸೇರಿಸಿದರೆ ಡಿಎಸ್‌ಆರ್. ಹೇಗೆ ಬರೆದರೂ ಅಲಿಗಿಯೇರಿಯ ಒಂದಕ್ಷರವೂ ಕಾರ್ಡಿನಲ್ಲಿ ಬರಲ್ಲ.

ಹಳೇಪುಸ್ತಕ
ಅಲಿಗಿಯೇರಿ ಸೆರೆಗೊ ಅಂತ ತಿರುಗಿಸಿ ಇಟ್ಟಿದ್ದರೆ ಬರುತ್ತಿತ್ತು.

ವೆರೋನಾ_ವಾಸು
ಮುಂದಿನ ಭಾನುವಾರ ಮತ್ತೆ ಹೋಗ್ತೀನಿ. ಆ ಬೋರ್ಡಿನಲ್ಲಿ 'ದಿ' ಇತ್ತೋ ಇಲ್ಲವೋ ಅಂತ ಈಗ ಅನುಮಾನ ಶುರುವಾಗಿದೆ.

ಬೆಣ್ಣೆದೋಸೆ_ದಾವಣಗೆರೆ
ನೀರು ಕುಡಿಯೋಕೆ ಅಲ್ವಾ?